ಎತ್ತಿಗೆ ಹಿಂಡಿ, ಒಡೆಯನಿಗೆ ಗಂಜಿ

ದುಡಿಯುವ ಎತ್ತಿನ ಕಾಲು ಉಳುಕಿತೆಂದರೆ ನಮ್ಮ ಒಕ್ಕಲಿಗನು ಏನು ಮಾಡುತ್ತಾನೆ? ಕೊರಳಿನ ನೊಗ ಇಳಿಸಿ ನೆರಳಿಗೆ ಕಟ್ಟುತ್ತಾನೆ. ಮುಂದೆ ಹಸಿ ಮೇವು ಹಾಕುತ್ತಾನೆ. ಸಂಜೆಗೆ ಒಂದು ಹಿಡಿ ಹಿಂಡಿಯನ್ನು ಹೆಚ್ಚಿಗೆ ನೆನೆಯಿಸುತ್ತಾನೆ. ನಾಲ್ಕು ದಿನ ಕಳೆದ ಮೇಲೆ ಹಗ್ಗ ಹಿಡಿದು ಅಂಗಳದಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿ ನೋಡುತ್ತಾನೆ. ಇದನ್ನು ಅವನಿಗೆ ಯಾರೂ ಕಲಿಸಿಕೊಟ್ಟಿಲ್ಲ. ಎತ್ತು ಕಸುವು ಕಳೆದುಕೊಂಡರೆ ಮುಂದಿನ ಹರಗಾಟ ನಿಲ್ಲುವದೆಂದು ಅವನು ಬಲ್ಲ.

ಇನ್ನು ಅದೇ ಒಕ್ಕಲಿಗನ ಕಾಲು ಮುರಿಯಿತೆನ್ನಿರಿ. ಮನೆಯವರು ಅವನನ್ನು ಪಡಸಾಲೆಯ ಮೂಲೆಗೆ ಮಲಗಿಸುತ್ತಾರೆ. ಮುಂಜಾನೆ ಚಹಾ ಬಿಸ್ಕೀಟು, ಮಧ್ಯಾಹ್ನ ಅಕ್ಕಿಯ ಗಂಜಿ, ರಾತ್ರಿ ಎರಡು ತುತ್ತು ಅನ್ನ ಸಾರು. ಮೊಸರು ಬೇಡ, ಶೇಂಗಾ ಬೇಡ, ಬದನೆಕಾಯಿ ಬೇಡ, ತೊಗರಿ ಬೇಡ. ಅಲುಗಾಡಬೇಡ, ಏಳಬೇಡ, ಕೂಡ್ರಬೇಡ. ಮೂರು ತಿಂಗಳು ಹೀಗೆ ಕಳೆದು ಪ್ಲಾಸ್ಟರ್ ಬಿಚ್ಚಿದಾಗ ಎಲುಬು ಕೂಡಿರುತ್ತದೆ, ಆದರೆ ಮನುಷ್ಯನು ಸೊರಗಿರುತ್ತಾನೆ. ಎತ್ತಿಗೆ ಹಿಂಡಿ, ಎತ್ತಿನ ಒಡೆಯನಿಗೆ ಗಂಜಿ! ಇದು ಯಾವ ಲೆಕ್ಕದ ಒಕ್ಕಲುತನವೋ ನನಗೆ ತಿಳಿಯದು.

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ನಮ್ಮ ಕನ್ನಡ ಹಳ್ಳಿಗಳಲ್ಲಿ ಕಾಲು ಮುರಿಯುವದು ಅಪರೂಪದ ಸಂಗತಿಯಲ್ಲ. ಬಾವಿಯ ಮೆಟ್ಟಿಲು, ಬಣವೆ, ಬಂಡಿ, ರಾಶಿ ಮಾಡುವ ಯಂತ್ರ, ಎಲ್ಲಕ್ಕೂ ಮೇಲಾಗಿ ಈಗಿನ ಮೋಟಾರ ಸೈಕಲ್ಲು, ಇವು ವರ್ಷಕ್ಕೆ ಊರಿನ ಒಬ್ಬಿಬ್ಬರನ್ನಾದರೂ ಕೆಡವುತ್ತವೆ. ಎಲುಬು ಕೂಡಿಸುವ ಕೆಲಸವನ್ನು ಡಾಕ್ಟರರು ಮಾಡುತ್ತಾರೆ, ಅದರಲ್ಲಿ ನಾವು ಕೈಹಾಕುವಂತಿಲ್ಲ. ಆದರೆ ಆ ಮನುಷ್ಯನನ್ನು ತಿರುಗಿ ಹೊಲಕ್ಕೆ ಕಳಿಸುವ ಕೆಲಸ ಮನೆಯವರದು. ಅದು ಅಡಿಗೆಮನೆಯಲ್ಲಿಯೂ ಹಾಸಿಗೆಯ ಮೇಲೆಯೂ ನಡೆಯತಕ್ಕ ಕೆಲಸ. ಈ ಎರಡೂ ಕಡೆ ನಾವು ತಪ್ಪುತ್ತಿದ್ದೇವೆ ಎಂಬದೇ ನನ್ನ ಅಭಿಪ್ರಾಯ.

ನನ್ನ ಕಾಲು, ನೆರೆಯವನ ಕಾಲು

ಈ ಮಾತನ್ನು ನಾನು ಪುಸ್ತಕ ಓದಿ ಮಾತ್ರ ಹೇಳುತ್ತಿಲ್ಲ. 2022ರ ಫೆಬ್ರುವರಿಯಲ್ಲಿ ಜೋಳದ ಸುಗ್ಗಿ ನಡೆದಾಗ ಕಣಿಕೆಯ ಬಣವೆಯ ಮೇಲಿಂದ ನಾನು ಜಾರಿ ಬಿದ್ದೆ. ಎಡಗಾಲಿನ ಮೊಳಕಾಲ ಕೆಳಗಿನ ಎರಡೂ ಎಲುಬುಗಳು ಮುರಿದವು. ಎಲುಬು ಜಾಗ ಬಿಟ್ಟು ಸರಿದಿರಲಿಲ್ಲವಾದ್ದರಿಂದ ಡಾಕ್ಟರರು ಕತ್ತರಿಸದೆ, ತೊಡೆಯಿಂದ ಬೆರಳಿನವರೆಗೆ ಪ್ಲಾಸ್ಟರ್ ಹಾಕಿದರು.

ಅದಕ್ಕೆ ಎರಡು ವರ್ಷ ಮೊದಲು ನಮ್ಮ ಓಣಿಯ ಒಬ್ಬ ಗೆಳೆಯನಿಗೂ ಹೆಚ್ಚು ಕಡಿಮೆ ಇದೇ ಪೆಟ್ಟು ಬಿದ್ದಿತ್ತು. ನನಗಿಂತ ಗಟ್ಟಿಗ, ಎರಡು ಚೀಲ ಹೊರುವವನು. ಮನೆಯವರು ಅಕ್ಕರೆಯಿಂದಲೇ ಅವನನ್ನು ಮೂರು ತಿಂಗಳು ಗಂಜಿಯ ಮೇಲೆ ಇಟ್ಟರು. ಕೊಟ್ಟಿಗೆಯಲ್ಲಿ ಎಮ್ಮೆ ಕರೆಯುತ್ತಿತ್ತು, ಆದರೆ ಹಾಲು ಡೇರಿಗೆ ಹೋಗುತ್ತಿತ್ತು. ದವಾಖಾನೆಯ ಸಾಲ ತೀರಬೇಕಲ್ಲ! ಪ್ಲಾಸ್ಟರ್ ಬಿಚ್ಚಿದ ಮೇಲೆ ಅವನು ನನಗೆ ಅಂದ ಮಾತು ಇನ್ನೂ ಕಿವಿಯಲ್ಲಿದೆ: “ಮಾಸ್ತರ, ಎಲುಬು ಕೂಡೇತಂತ್ರಿ. ಆದರ ಕಾಲಾಗ ಕಸುವ ಇಲ್ಲ. ನಿಂತರ ಮೊಳಕಾಲು ನಡಗತೈತಿ.” ಆ ವರ್ಷ ಅವನು ಬಿತ್ತಲಿಲ್ಲ. ಹೊಲವನ್ನು ಪಾಲಿಗೆ ಹಾಕಿದ, ಎತ್ತು ಮಾರಿದ. ಎಲುಬು ಮುರಿದದ್ದರಿಂದ ಆದ ನಷ್ಟಕ್ಕಿಂತ ಕಸುವು ಹೋದದ್ದರಿಂದ ಆದ ನಷ್ಟವೇ ದೊಡ್ಡದು. ನಾನು ಹಾಸಿಗೆ ಹಿಡಿದಾಗ ಅವನ ನೆನಪೇ ನನಗೆ ಮೊದಲ ಪಾಠವಾಯಿತು.

ಪಥ್ಯದ ಮಾತು

ನನ್ನ ತಾಯಿಯೂ ಮೊದಲ ದಿನವೇ ಅಂದಳು: “ತಮ್ಮಾ, ಮಸರು ಬ್ಯಾಡ, ಶೇಂಗಾ ಬ್ಯಾಡ. ನಂಜ ಆಗತೈತಿ, ಕೀವ ತುಂಬತೈತಿ.” ಹಿರಿಯರ ಈ ಮಾತಿನ ಹಿಂದೆ ಕಾಳಜಿಯಿದೆ, ಅದನ್ನು ನಗೆಗೀಡು ಮಾಡಬಾರದು. ಮಲಗಿದವನಿಗೆ ಎಣ್ಣೆಯಲ್ಲಿ ಕರಿದದ್ದು ಜೀರ್ಣವಾಗುವದು ಕಷ್ಟ. ಶಸ್ತ್ರಕ್ರಿಯೆಯಾದ ದಿನ, ಮರುದಿನ ಹಗುರಾದ ಊಟವೇ ಸರಿ. ಇಷ್ಟರ ಮಟ್ಟಿಗೆ ಹಿರಿಯರ ಮಾತು ನಿಜ. ಆದರೆ ಗಾಯದಲ್ಲಿ ಕೀವು ಆಗುವದು ರೋಗಾಣುಗಳು ಒಳಹೊಕ್ಕದ್ದರಿಂದ. ಬದನೆಕಾಯಿಯಿಂದಲೂ ಅಲ್ಲ, ಮೊಸರಿನಿಂದಲೂ ಅಲ್ಲ. ತಿರುಗಿ ಹೇಳಬೇಕೆಂದರೆ, ರೋಗಾಣುಗಳೊಡನೆ ಹೋರಾಡಲು ಶರೀರಕ್ಕೆ ಬೇಕಾದ ಸತ್ವವು ನಾವು ಬೇಡವೆಂದ ಆ ಶೇಂಗಾ, ತೊಗರಿ, ಮೊಸರುಗಳಲ್ಲಿಯೇ ಇದೆ.

ಮುರಿದ ಎಲುಬು ಹೇಗೆ ಕೂಡುತ್ತದೆಂಬದನ್ನು ಸ್ವಲ್ಪ ತಿಳಿಯೋಣ. ಮೊದಲು ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರಗಳಲ್ಲಿ ಅಲ್ಲಿ ಮೆತ್ತಗಿನ ಗಂಟು ಕಟ್ಟುತ್ತದೆ. ಆ ಗಂಟಿನಲ್ಲಿ ಸುಣ್ಣದ ಅಂಶ ತುಂಬಿ ಅದು ಗಟ್ಟಿಯಾಗಲು ಇನ್ನೂ ಹಲವು ವಾರ ಬೇಕು. ಕಾಲಿನ ದೊಡ್ಡ ಎಲುಬಾದರೆ ಮೂರು ನಾಲ್ಕು ತಿಂಗಳು, ಒಮ್ಮೊಮ್ಮೆ ಅದಕ್ಕೂ ಹೆಚ್ಚು. ಮನೆ ಕಟ್ಟುವಾಗ ಕಲ್ಲು, ಸುಣ್ಣ, ಮಣ್ಣು ಬೇಕಾಗುವಂತೆ ಈ ಕೆಲಸಕ್ಕೂ ಸಾಮಾನು ಬೇಕು. ಎಲುಬು ಬರಿ ಸುಣ್ಣದ ಕಂಬವೆಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಅದರ ಒಳಗಿನ ಹಂದರವು ಸಸಾರಜನಕದ್ದು, ಅಂದರೆ ಡಾಕ್ಟರರು ಪ್ರೋಟೀನು ಎನ್ನುವ ಅಂಶದ್ದು. ಆ ಹಂದರದ ಮೇಲೆ ಸುಣ್ಣವು ಕೂಡ್ರುತ್ತದೆ. ಹಂದರವಿಲ್ಲದೆ ಬಳ್ಳಿ ಹಬ್ಬುವದುಂಟೆ?

ಹೊಟ್ಟೆಗೆ ಸಾಲದಾದಾಗ ಶರೀರವು ಸುಮ್ಮನಿರುವದಿಲ್ಲ. ತನ್ನ ಸ್ನಾಯುವನ್ನೇ ಕರಗಿಸಿ ಉಣ್ಣತೊಡಗುತ್ತದೆ. ಒಲೆಗೆ ಕಟ್ಟಿಗೆಯಿಲ್ಲವೆಂದು ಮಾಡಿನ ಜಂತಿ ಕಿತ್ತು ಉರಿಸಿದ ಹಾಗೆ ಇದು. ನನ್ನ ಗೆಳೆಯನ ಮೊಳಕಾಲು ನಡುಗಿದ್ದು ಜಂತಿ ಸುಟ್ಟದ್ದರಿಂದಲೇ.

ಒಂದು ದಿನದ ಲೆಕ್ಕ

ಶಾಲೆಯ ಮಾಸ್ತರನಾದವನಿಗೆ ಲೆಕ್ಕ ಹಾಕುವ ಚಟ ಬಿಡದು. ಹಾಸಿಗೆಯ ಮೇಲೆ ಕುಳಿತು ನಾನೂ ಒಂದು ಲೆಕ್ಕ ಹಾಕಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ ಕೂಡಿ 2020ರಲ್ಲಿ ಕೊಟ್ಟ ಪ್ರಮಾಣದಂತೆ ನಿರೋಗಿಯಾದ ಮನುಷ್ಯನಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕು. ಎಲುಬು ಮುರಿದವನಿಗೆ ಕಿಲೋಕ್ಕೆ 1.2 ಗ್ರಾಮಿನವರೆಗೆ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಕೊಡಬೇಕೆಂದು ವೈದ್ಯರು ಹೇಳುತ್ತಾರೆ. 60 ಕಿಲೋ ತೂಕದವನಿಗೆ ಇದು 72 ಗ್ರಾಂ ಆಯಿತು.

ಇದನ್ನು ಕೇಳಿ ಅಂಜಬೇಕಾಗಿಲ್ಲ. ನಮ್ಮ ಮನೆಯ ಸಾಮಾನಿನಲ್ಲಿಯೇ ಇದು ಕೂಡುತ್ತದೆ. ಮಾಲದಂಡಿ ಜೋಳದ ಹಿಟ್ಟು 300 ಗ್ರಾಂ, ಅಂದರೆ ದಿನಕ್ಕೆ ನಾಲ್ಕೈದು ರೊಟ್ಟಿ, ಇದರಲ್ಲಿ ಸುಮಾರು 30 ಗ್ರಾಂ. ತೊಗರಿ ಬೇಳೆ 60 ಗ್ರಾಂ, ಇದರಲ್ಲಿ 13 ಗ್ರಾಂ. ಹೆಸರು ಇಲ್ಲವೆ ಮಡಕಿ ಕಾಳು 30 ಗ್ರಾಂ ನೆನೆಯಿಸಿ ಮೊಳಕೆ ಬರಿಸಿದ್ದರಲ್ಲಿ 7 ಗ್ರಾಂ. ಒಂದು ಹಿಡಿ ಶೇಂಗಾ, ಸುಮಾರು 30 ಗ್ರಾಂ, ಇದರಲ್ಲಿ 7 ಗ್ರಾಂ. ಹಾಲು, ಮೊಸರು ಕೂಡಿ ಅರ್ಧ ಲೀಟರಿನಲ್ಲಿ 16 ಗ್ರಾಂ. ಒಟ್ಟು 73. ತತ್ತಿ ತಿನ್ನುವವರಾದರೆ ಒಂದು ತತ್ತಿಗೆ 6 ಗ್ರಾಮಿನಂತೆ ಸೇರಿಸಿಕೊಳ್ಳಬಹುದು. ಮೀನು, ಮಾಂಸ ಉಣ್ಣುವವರಿಗೆ ಇನ್ನೂ ಸುಲಭ. ಉಣ್ಣದವರಿಗೂ ಕೊರತೆಯಿಲ್ಲ.

ಇನ್ನು ಗಂಜಿಯ ಲೆಕ್ಕ ನೋಡಿರಿ. ಎರಡು ಹೊತ್ತಿಗೆ ಅಕ್ಕಿ 200 ಗ್ರಾಂ ಎಂದರೂ 15 ಗ್ರಾಂ. ನಾಲ್ಕು ಕಪ್ಪು ಚಹಾದ ಹಾಲು, ಆರೇಳು ಬಿಸ್ಕೀಟು, ತಿಳಿ ಸಾರು ಎಲ್ಲ ಕೂಡಿ ಇನ್ನು ಹತ್ತು. ಬೇಕಾದದ್ದು ಎಪ್ಪತ್ತೆರಡು, ದೊರೆತದ್ದು ಇಪ್ಪತ್ತೈದು! ಮೂರನೆಯ ಇಯತ್ತೆಯ ಹುಡುಗನೂ ಈ ವಜಾಬಾಕಿ ಮಾಡಿ ನಷ್ಟವೆಷ್ಟೆಂದು ಹೇಳಬಲ್ಲ.

ರೊಟ್ಟಿ ಬೇಳೆಗಳ ಜೋಡಿಯ ಬಗ್ಗೆ ಒಂದು ಮಾತು. ಜೋಳದ ಸಸಾರಜನಕದಲ್ಲಿ ಕಡಿಮೆ ಬೀಳುವ ಒಂದು ಅಂಶವು ಬೇಳೆಕಾಳುಗಳಲ್ಲಿ ಹೇರಳವಾಗಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ಹಿರಿಯರು ರೊಟ್ಟಿಯ ಜೊತೆಗೆ ಝುಣಕ, ಮೊಳಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ ಇಟ್ಟದ್ದು ಬರಿ ರುಚಿಗಲ್ಲ. ರೊಟ್ಟಿ ಅಗಿಯಲು ತ್ರಾಸಾದರೆ ಹಾಲಿನಲ್ಲಿ ಇಲ್ಲವೆ ಸಾರಿನಲ್ಲಿ ಮುರಿದು ನೆನೆಯಿಸಿ ಕೊಡಬಹುದು, ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ ಕೊಡಬಹುದು. ಎಲ್ಲವನ್ನೂ ಒಂದೇ ಹೊತ್ತಿಗೆ ತುರುಕದೆ ದಿನಕ್ಕೆ ನಾಲ್ಕು ಸಲ ಹಂಚಿ ಕೊಟ್ಟರೆ ಮಲಗಿದವನಿಗೂ ಜೀರ್ಣವಾಗುತ್ತದೆ.

ಸುಣ್ಣದ ಅಂಶವು ದಿನಕ್ಕೆ 1000 ಮಿಲಿಗ್ರಾಂ ಬೇಕು. ಅರ್ಧ ಲೀಟರ್ ಹಾಲು ಮೊಸರಿನಲ್ಲಿ ಇದರ ಅರ್ಧಕ್ಕಿಂತ ಹೆಚ್ಚು ಬಂದೇ ಬರುತ್ತದೆ. ಉಳಿದದ್ದನ್ನು ನುಗ್ಗೆಯ ಸೊಪ್ಪು, ಮೆಂತ್ಯೆಯ ಪಲ್ಯ, ಎಳ್ಳಿನ ಚಟ್ನಿ ತುಂಬುತ್ತವೆ. ಹಿತ್ತಲಲ್ಲಿ ನುಗ್ಗೆಯ ಗಿಡವಿದ್ದೂ ಕಾಯಿಯನ್ನಷ್ಟೇ ಕಿತ್ತು ಸೊಪ್ಪನ್ನು ಆಡಿಗೆ ಹಾಕುವದು ನಮ್ಮಲ್ಲಿ ಬಹಳ. ಆಡಿನ ಎಲುಬು ಗಟ್ಟಿಯಾಗುತ್ತದೆ! ಕುರಿಯ ಕಾಲಿನ ಸಾರು ಕುಡಿದರೆ ಮುರಿದ ಕಾಲು ಬೇಗ ಕೂಡುವದೆಂಬ ನಂಬಿಗೆಯೂ ಇದೆ. ಕುಡಿಯುವವರು ಕುಡಿಯಲಿ, ಕೆಡುಕಿಲ್ಲ. ಆದರೆ ಎಲುಬಿನ ಸುಣ್ಣವು ಸಾರಿಗೆ ಇಳಿಯುವದು ತೀರ ಸ್ವಲ್ಪ. ಸಾರಿನ ಭರವಸೆಯ ಮೇಲೆ ಹಾಲು, ಬೇಳೆ ಬಿಡಬಾರದು.

ಈ ಸುಣ್ಣವನ್ನು ಶರೀರವು ಹೀರಿಕೊಳ್ಳಲು ‘ಡಿ’ ಜೀವಸತ್ವ ಬೇಕು. ಅದು ಬಿಸಿಲಿನಿಂದ ಬರುತ್ತದೆ. ಬಿಸಿಲಿನ ನಾಡಿನಲ್ಲಿದ್ದೂ ಕತ್ತಲೆಯ ಪಡಸಾಲೆಯಲ್ಲಿ ಮೂರು ತಿಂಗಳು ಮಲಗಿಸುವದು ಎಂಥ ಬುದ್ಧಿ! ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನ ಬಿಸಿಲಿಗೆ ಈ ಗುಣ ಹೆಚ್ಚು. ಬೇಸಿಗೆಯಲ್ಲಾದರೆ ಹತ್ತು ಗಂಟೆಯ ಸುಮಾರಿಗೆ ತಲೆಗೆ ಬಟ್ಟೆ ಸುತ್ತಿಕೊಂಡು ಕೈಕಾಲು ತೆರೆದು ಸ್ವಲ್ಪ ಹೊತ್ತು ಅಂಗಳದಲ್ಲಿ ಕುಳಿತರೆ ಸಾಕು. ಡಾಕ್ಟರರು ಗುಳಿಗೆ ಕೊಟ್ಟಿದ್ದರೆ ಅದನ್ನೂ ತಪ್ಪಿಸಬಾರದು. ಲಿಂಬಿ, ಪೇರಲ, ನೆಲ್ಲಿಕಾಯಿಗಳ ‘ಸಿ’ ಜೀವಸತ್ವವು ಮೇಲೆ ಹೇಳಿದ ಹಂದರ ಕಟ್ಟಲು ಬೇಕು. ಊಟಕ್ಕೆ ಲಿಂಬಿ ಹಿಂಡಿಕೊಂಡರೆ ಕಾಳು ಸೊಪ್ಪುಗಳ ಕಬ್ಬಿಣದ ಅಂಶವೂ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದೇ ಕಬ್ಬಿಣ ವ್ಯರ್ಥವಾಗುತ್ತದೆ.

ತಂಬಾಕು ತಿನ್ನುವ ಗೆಳೆಯರೊಬ್ಬರು ಅದರೊಡನೆ ಸುಣ್ಣ ಹೋಗುವದರಿಂದ ಎಲುಬಿಗೆ ಒಳ್ಳೆಯದೆಂದು ನನ್ನೊಡನೆ ವಾದಿಸಿದರು. ಚೇಷ್ಟೆಗೆ ಅಂದರೋ ನಿಜಕ್ಕೆ ಅಂದರೋ, ಉತ್ತರ ಕೊಡುವದು ಅವಶ್ಯ. ತಂಬಾಕಿನ ವಿಷವು ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬಿಗಿಯಾದ ನಾಳದಲ್ಲಿ ರಕ್ತ ಕಡಿಮೆ ಹರಿದು ಮುರಿದ ಜಾಗಕ್ಕೆ ಸತ್ವ ಮುಟ್ಟುವದಿಲ್ಲ. ಬೀಡಿ ಸಿಗರೇಟು ಸೇದುವವರ ಎಲುಬು ತಡವಾಗಿ ಕೂಡುವದನ್ನು ವೈದ್ಯರು ಚೆನ್ನಾಗಿ ಬಲ್ಲರು. ಕಾಲುವೆಗೆ ಕಲ್ಲು ಅಡ್ಡ ಇಟ್ಟು ಬೆಳೆ ಒಣಗಿತೆಂದು ಅಳಬಾರದು. ಸೆರೆಯ ಮಾತೂ ಇದೇ. ಊರುಗೋಲಿನ ಮೇಲೆ ನಿಂತವನಿಗೆ ಸೆರೆ ಇನ್ನೊಂದು ಕಾಲನ್ನೂ ಮುರಿಸೀತು.

ಹೇಳಲು ನಾಚುವ ಕಾರಣ

ಮಲಗಿದವರು ಕಡಿಮೆ ಉಣ್ಣುವದಕ್ಕೆ ಪಥ್ಯವೊಂದೇ ಕಾರಣವಲ್ಲ. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವದಿಲ್ಲ. ಉಂಡರೆ ಕಡೆಗೆ ಹೋಗಬೇಕು. ನೀರು ಕುಡಿದರೆ ಎಬ್ಬಿಸಲು ಯಾರನ್ನಾದರೂ ಕರೆಯಬೇಕು. ಕುಕ್ಕರುಗಾಲಿನಲ್ಲಿ ಕೂಡ್ರಲು ಬಾರದು. ಹೀಗಾಗಿ ಮನುಷ್ಯನು, ಅದರಲ್ಲೂ ಹೆಣ್ಣುಮಕ್ಕಳು, ಹಸಿವಿದ್ದರೂ “ಸಾಕು” ಎನ್ನುತ್ತಾರೆ, ನೀರಡಿಸಿದರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ನಾನೂ ಮೊದಲ ವಾರ ಹೀಗೆಯೇ ಮಾಡಿದೆ. ಫಲವೇನು? ನೋವಿನ ಗುಳಿಗೆ, ನೀರಿನ ಕೊರತೆ, ಅಲುಗಾಡದ ಶರೀರ, ಮೂರೂ ಕೂಡಿ ಮಲಬದ್ಧತೆ. ಅದರಿಂದ ಇನ್ನಿಷ್ಟು ಹಸಿವು ಹೋಯಿತು.

ಉಪಾಯ ದೊಡ್ಡದಲ್ಲ. ಒಂದು ಗಟ್ಟಿ ಕುರ್ಚಿಯ ನಡುವೆ ರಂಧ್ರ ಮಾಡಿಸಿ, ಕೆಳಗೆ ಬಕೀಟು ಇಟ್ಟು, ಸುತ್ತ ಒಂದು ಸೀರೆ ಕಟ್ಟಿದರೆ ಕೆಲಸವಾಯಿತು. ಊರ ಬಡಿಗನು ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ. ಊರಿಗೊಂದು ಇಂಥ ಕುರ್ಚಿ ಇದ್ದರೆ ಬೇಕಾದ ಮನೆಗೆ ಸರದಿಯಿಂದ ಹೋಗಬಹುದು. ಈ ಕುರ್ಚಿ ಬಂದ ದಿನದಿಂದ ನಾನು ಹೊಟ್ಟೆತುಂಬ ಉಂಡೆ. ರೊಟ್ಟಿ, ಸೊಪ್ಪು, ಮಜ್ಜಿಗೆ, ದಿನಕ್ಕೆ ಎಂಟು ಹತ್ತು ಲೋಟ ನೀರು, ಇಷ್ಟರಿಂದ ಮಲಬದ್ಧತೆಯೂ ಹೋಯಿತು. ಔಷಧದ ಚೀಟಿಯಲ್ಲಿ ಈ ಕುರ್ಚಿ ಇರುವದಿಲ್ಲ. ಆದರೆ ನನ್ನ ಮಟ್ಟಿಗೆ ಅದೂ ಒಂದು ಔಷಧ.

ಮಲಗಿಯೂ ದುಡಿಯಬೇಕು

ಇನ್ನು ಅಲುಗಾಟದ ಮಾತು. ಮುರಿದ ಜಾಗಕ್ಕೆ ವಿಶ್ರಾಂತಿ ಬೇಕು, ಸಂದೇಹವಿಲ್ಲ. ಅದಕ್ಕೇ ಪ್ಲಾಸ್ಟರ್ ಇರುವದು. ಆದರೆ ಒಂದು ಕಾಲಿಗೆ ಬೇಕಾದ ವಿಶ್ರಾಂತಿಯನ್ನು ನಾವು ಇಡೀ ಶರೀರಕ್ಕೆ ಹಂಚುತ್ತೇವೆ. ಈ ವಾದ ಹೊರದೇಶಗಳಲ್ಲಿಯೂ ನಡೆದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಂಡಿನ ಲಿವರಪೂಲಿನ ಹ್ಯೂ ಓವೆನ್ ಥಾಮಸ್ ಎಂಬ ವೈದ್ಯರು ದೀರ್ಘ ವಿಶ್ರಾಂತಿಯೇ ಮದ್ದೆಂದರು. ಫ್ರಾನ್ಸಿನ ಲ್ಯೂಕಾಸ್ ಶಾಂಪಿಯೋನಿಯೇರ್ ಎಂಬವರು ಬೇಗ ಅಲುಗಾಡಿಸಬೇಕೆಂದರು. ಜರ್ಮನಿಯ ಯೂಲಿಯಸ್ ವುಲ್ಫ್ ಎಂಬವರು 1892ರಲ್ಲಿ, ಎಲುಬು ತಾನು ಹೊರುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುವದೆಂದು ತೋರಿಸಿದರು. ಈಗಿನ ವೈದ್ಯರು ಎರಡನ್ನೂ ಕೂಡಿಸಿ ನಡೆಯುತ್ತಾರೆ: ಮುರಿದ ಜಾಗವನ್ನು ಭದ್ರವಾಗಿ ಹಿಡಿದಿಡು, ಉಳಿದದ್ದನ್ನು ಅಲುಗಾಡಿಸು. ನಾವು ಮಾತ್ರ ಇನ್ನೂ ಅರ್ಧ ಪಾಠದಲ್ಲಿಯೇ ನಿಂತಿದ್ದೇವೆ.

ಡಾಕ್ಟರರನ್ನು ಕೇಳಿಕೊಂಡು ನಾನು ಮಾಡಿದ್ದು ಇಷ್ಟು. ಪ್ಲಾಸ್ಟರಿನ ಹೊರಗಿದ್ದ ಬೆರಳುಗಳನ್ನು ಎಚ್ಚರವಿದ್ದಾಗ ತಾಸಿಗೊಮ್ಮೆ ಮಡಚಿ ಬಿಡಿಸುವದು. ಪ್ಲಾಸ್ಟರಿನ ಒಳಗೇ ತೊಡೆಯ ಸ್ನಾಯುವನ್ನು ಬಿಗಿಹಿಡಿದು, ಐದು ಎಣಿಸಿ ಸಡಿಲು ಬಿಡುವದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ನಾಲ್ಕು ಹೊತ್ತು. ಸರಿಯಿದ್ದ ಕಾಲನ್ನು ಮಡಚಿ ಚಾಚುವದು, ಎತ್ತಿ ಇಳಿಸುವದು. ಎರಡೂ ಕೈಯಲ್ಲಿ ನೀರು ತುಂಬಿದ ತಂಬಿಗೆ ಹಿಡಿದು ಹೆಗಲಿನವರೆಗೆ ಎತ್ತುವದು, ಏಕೆಂದರೆ ಮುಂದೆ ಊರುಗೋಲು ಹಿಡಿದು ಶರೀರದ ಭಾರ ಹೊರತಕ್ಕವು ಈ ಕೈಗಳೇ. ಎದೆ ತುಂಬ ಉಸಿರು ಎಳೆದು ಬಿಡುವದು. ಮೊದಲ ದಿನಗಳಲ್ಲಿ ಬಾವು ಇಳಿಯಲು ಕಾಲನ್ನು ದಿಂಬಿನ ಮೇಲೆ ಎತ್ತರಿಸಿಟ್ಟುಕೊಂಡು ಮಲಗುವದು. ಪ್ಲಾಸ್ಟರ್ ಬಿಚ್ಚಿದ ಮೇಲೆ ಹಿಮ್ಮಡಿ, ಮೊಳಕಾಲುಗಳನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಮಡಚಿ ಸಡಿಲಿಸುವದು.

ಕಾಲಿನ ಮೇಲೆ ಎಂದು ಭಾರ ಹಾಕಬೇಕು, ಎಷ್ಟು ಹಾಕಬೇಕು ಎಂಬದನ್ನು ಮಾತ್ರ ಎಕ್ಸ್‌-ರೇ ನೋಡಿದ ಡಾಕ್ಟರರೇ ಹೇಳಬೇಕು. ಒಬ್ಬರ ಕಾಲಿನ ಲೆಕ್ಕ ಇನ್ನೊಬ್ಬರಿಗೆ ಹೊಂದದು. ಊರುಗೋಲು ಹಿಡಿದಾಗ ಭಾರವು ಅಂಗೈಯ ಮೇಲೆ ಬೀಳಬೇಕು, ಕಂಕುಳಲ್ಲಿ ಅಲ್ಲ. ಕೋಲಿನ ತುದಿಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳು ಹಿಡಿಸುವಷ್ಟು ಸಂದು ಬೇಕು. ಇಲ್ಲವಾದರೆ ಅಲ್ಲಿಯ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು.

ಕೆಲವು ಸೂಚನೆ ಕಂಡರೆ ವ್ಯಾಯಾಮ, ಊಟದ ಮಾತು ಬಿಟ್ಟು ಕೂಡಲೆ ದವಾಖಾನೆಗೆ ಹೋಗಬೇಕು. ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ. ಪ್ಲಾಸ್ಟರಿನ ಒಳಗೆ ಗುಳಿಗೆಗೂ ಬಗ್ಗದ ನೋವು ಹೆಚ್ಚುತ್ತ ಹೋದರೆ. ಮೀನಖಂಡ ಬಾತು ನೋಯತೊಡಗಿದರೆ. ಒಮ್ಮೆಲೆ ಉಬ್ಬಸ ಬಂದರೆ, ಎದೆ ನೋವಾದರೆ. ಜ್ವರ, ಕೀವು, ದುರ್ವಾಸನೆ ಕಂಡರೆ ತಡ ಮಾಡಬಾರದು. ಬಿದಿರಿನ ಸೀಳು ಇಟ್ಟು ಬಿಗಿಯಾಗಿ ಕಟ್ಟಿಸಿಕೊಂಡವರೂ ಈ ಮಾತು ನೆನಪಿಡತಕ್ಕದ್ದು. ಬಿಗಿದ ಕಟ್ಟಿನಲ್ಲಿ ರಕ್ತ ನಿಂತು ಕಾಲನ್ನೇ ತೆಗೆಯಬೇಕಾದ ಪ್ರಸಂಗ ಬರುತ್ತದೆ. ಸಕ್ಕರೆ ರೋಗ, ಮೂತ್ರಪಿಂಡದ ರೋಗ ಇದ್ದವರು ಮೇಲಿನ ಊಟದ ಲೆಕ್ಕವನ್ನು ತಮ್ಮ ಡಾಕ್ಟರರಿಗೆ ತೋರಿಸಿಯೇ ನಡೆಯಬೇಕು.

ಒಕ್ಕಲಿಗನಿಗೆ ಇನ್ನೊಂದು ರೋಗ ಹತ್ತುತ್ತದೆ, ಕೆಲಸವಿಲ್ಲದ ರೋಗ. ಇಡೀ ದಿನ ಮೊಬೈಲು ನೋಡುತ್ತ, ಬೇಸರಕ್ಕೆ ಚುಡುವೆ, ಮಿಠಾಯಿ ತಿನ್ನುತ್ತ ಕುಳಿತರೆ ಸ್ನಾಯು ಕರಗಿ ಕೊಬ್ಬು ಮಾತ್ರ ಬೆಳೆಯುತ್ತದೆ. ಆ ಹೆಚ್ಚಿನ ಭಾರವನ್ನು ನಾಳೆ ಹೊರಬೇಕಾದದ್ದು ಅದೇ ದುರ್ಬಲ ಕಾಲು. ಕುಳಿತು ಮಾಡುವ ಕೆಲಸ ಒಕ್ಕಲುತನದಲ್ಲಿ ಬೇಕಾದಷ್ಟಿದೆ. ಶೇಂಗಾ ಒಡೆಯಬಹುದು, ಬೀಜ ಆರಿಸಬಹುದು, ಹಗ್ಗ ಹೊಸೆಯಬಹುದು, ವರ್ಷದ ಖರ್ಚಿನ ಲೆಕ್ಕ ಬರೆಯಬಹುದು. ನಾನು ಆ ಬೇಸಿಗೆಯಲ್ಲಿ ಮುಂಗಾರಿಗೆ ಬೇಕಾದ ತೊಗರಿಯ ಬೀಜವನ್ನು ಕಾಳುಕಾಳಾಗಿ ಆರಿಸಿದೆ. ಬೀಜವೂ ಒಳ್ಳೆಯದಾಯಿತು, ಮನಸ್ಸೂ ನೆಲೆಗೆ ನಿಂತಿತು.

ಮನೆಯ ಹೆಣ್ಣುಮಕ್ಕಳ ಕಾಲು

ಇಷ್ಟು ಹೊತ್ತು ಒಕ್ಕಲಿಗ, ಒಡೆಯ ಎಂದು ಗಂಡಸರ ಮಾತನ್ನೇ ಆಡಿದೆ. ನನಗೆ ಹಾಲು, ರೊಟ್ಟಿ, ಮೊಳಕೆ ಕಾಳು ಹೊತ್ತು ಹೊತ್ತಿಗೆ ಬಂದವು, ಏಕೆಂದರೆ ಮಾಡಿಕೊಡುವವಳೊಬ್ಬಳಿದ್ದಳು. ಅವಳ ಕಾಲೇ ಮುರಿದಿದ್ದರೆ? ನಮ್ಮ ಮನೆಗಳಲ್ಲಿ ಹೆಣ್ಣುಮಗಳು ನೆಟ್ಟಗಿದ್ದಾಗಲೂ ಎಲ್ಲರ ಹಿಂದೆ ಉಳಿದದ್ದನ್ನು ಉಣ್ಣುತ್ತಾಳೆ. ಬಿದ್ದಾಗ ತನಗಾಗಿ ಹಾಲು ಕೇಳುವಳೆ? ಪ್ಲಾಸ್ಟರ್ ಕಾಲನ್ನು ಚಾಚಿಕೊಂಡು ಒಲೆಯ ಮುಂದೆ ರೊಟ್ಟಿ ಬಡಿಯುವದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಟ್ಟು ನಿಂತ ವಯಸ್ಸಿನ ಮೇಲೆ ಹೆಂಗಸರ ಎಲುಬು ಬೇಗ ಸವೆಯುತ್ತದೆ. ಬಚ್ಚಲಲ್ಲಿ ಜಾರಿದರೂ ಚಪ್ಪೆಯ ಎಲುಬು ಮುರಿಯುತ್ತದೆ. ಅಂಥವರಿಗೆ ಊಟದ ಅವಶ್ಯಕತೆ ಗಂಡಸರಿಗಿಂತ ಎಳ್ಳಷ್ಟೂ ಕಡಿಮೆಯಲ್ಲ. ಅತ್ತೆಗಾಗಲಿ ಸೊಸೆಗಾಗಲಿ ಪೆಟ್ಟಾದಾಗ ಮೊದಲ ತಾಟು ಅವಳಿಗೆ ಬಡಿಸಬೇಕು. ಒಲೆಯ ಮುಂದೆ ಗಂಡಸರು ಕೂಡ್ರಬೇಕು. ರೊಟ್ಟಿ ದುಂಡಗಾಗದಿದ್ದರೆ ಹೊಟ್ಟೆಯಲ್ಲಿ ಯಾರು ನೋಡುತ್ತಾರೆ?

ನಮ್ಮ ಗಡಿಭಾಗಕ್ಕೆ ವಿಶೇಷವಾದ ಇನ್ನೊಂದು ತೊಡಕಿದೆ. ದವಾಖಾನೆಯ ಕಾಗದ ಇಂಗ್ಲಿಷಿನಲ್ಲಿ, ಬಾಯಿಮಾತು ಮರಾಠಿಯಲ್ಲಿ, ಅಡಿಗೆಮನೆ ಕನ್ನಡದಲ್ಲಿ. ವ್ಯಾಯಾಮ ಹೇಳಿಕೊಡುವವರು ಮರಾಠಿಯಲ್ಲಿ ಚೆನ್ನಾಗಿಯೇ ಹೇಳಿದರು, ನಾನೂ ತಿಳಿದುಕೊಂಡೆ. ಜೊತೆಗಿದ್ದ ನನ್ನ ತಾಯಿಗೆ ತಿಳಿಯಲಿಲ್ಲ. ಮನೆಗೆ ಬಂದು ಪಥ್ಯ ಹಿಡಿಸಿದವಳು ಅವಳೇ! ಇದು ಯಾರ ತಪ್ಪೆಂದು ಜಗಳಾಡುವ ವಿಷಯವಲ್ಲ. ಯಾವ ಭಾಷೆಯಲ್ಲಿ ಹೇಳಿದರೂ ಅದನ್ನು ಕೇಳಿ, ಕೇಳಿ, ಕನ್ನಡದಲ್ಲಿ ಬರೆದುಕೊಂಡು ಬರಬೇಕು. ಏನು ಉಣ್ಣಬೇಕು, ಏನು ಬಿಡಬೇಕು, ಯಾವ ವ್ಯಾಯಾಮ, ಎಂದು ಭಾರ ಹಾಕಬೇಕು, ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ತರದೆ ದವಾಖಾನೆಯ ಬಾಗಿಲು ದಾಟಬಾರದು. ಆ ಚೀಟಿಯನ್ನು ಅಡಿಗೆಮನೆಯ ಗೋಡೆಗೆ ಅಂಟಿಸಬೇಕು. ಓದು ಬಾರದ ಮನೆಯಲ್ಲಿ ಶಾಲೆಗೆ ಹೋಗುವ ಮಗುವಿನಿಂದ ದಿನಕ್ಕೊಮ್ಮೆ ಓದಿಸಬೇಕು. ನಾವು ಕನ್ನಡ ಶಾಲೆಗಳನ್ನು ಉಳಿಸಿಕೊಂಡದ್ದು ಇಂಥ ಹೊತ್ತಿಗೆ ಉಪಯೋಗವಾಗದಿದ್ದರೆ ಇನ್ನಾವಾಗ?

ಖರ್ಚಿನ ಮಾತು

“ಮಾಸ್ತರ, ನಿಮಗೇನ್ರೀ, ಪಗಾರ ಬರತೈತಿ. ಕೂಲಿ ಮಾಡಾವ ಎಲ್ಲಿಂದ ತರಬೇಕು?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ನನಗೆ ರಜೆಯಿತ್ತು, ಪಗಾರವಿತ್ತು. ದಿನಗೂಲಿಯವನಿಗೆ ಕಾಲು ಮುರಿದ ದಿನವೇ ಆದಾಯ ನಿಲ್ಲುತ್ತದೆ. ಆದರೂ ಎರಡು ಮಾತು ಹೇಳಬಲ್ಲೆ. ಡಬ್ಬಿಯ ಪುಡಿ, ಬಾಟಲಿಯ ಟಾನಿಕ್ಕಿಗೆ ಹೋಗುವ ರೊಕ್ಕದಲ್ಲಿ ಎಷ್ಟೋ ದಿನಗಳ ಬೇಳೆ, ಶೇಂಗಾ ಬರುತ್ತವೆ. ಹಾಲು ಕರೆಯುವ ಮನೆಯಲ್ಲಿ ಡೇರಿಗೆ ಹೋಗುವ ಹಾಲಿನಿಂದ ಅರ್ಧ ಲೀಟರು ಮೂರು ತಿಂಗಳ ಮಟ್ಟಿಗೆ ಮನೆಯಲ್ಲಿ ನಿಲ್ಲಲಿ. ಸಾಲ ತೀರಿಸತಕ್ಕವನು ಆ ಮಲಗಿದ ಮನುಷ್ಯನೇ. ಅವನು ಏಳದೆ ಸಾಲ ತೀರದು.

ಎರಡನೆಯದು, ಎಮ್ಮೆಯೂ ಇಲ್ಲದ ಮನೆಯ ಮಾತು. ಇಲ್ಲಿ ಊರು ನೆರವಾಗಬೇಕು. ಮಾತನಾಡಿಸಲು ಬರುವವರು ನಮ್ಮಲ್ಲಿ ಬಹಳ. ಬಂದವರೆಲ್ಲ ಗ್ಲೂಕೋಸ್ ಬಿಸ್ಕೀಟಿನ ಪುಡಿಕೆ ತರುತ್ತಾರೆ. ನನ್ನ ದಿಂಬಿನ ಹತ್ತಿರ ಒಂದು ವಾರದಲ್ಲಿ ಬಿಸ್ಕೀಟಿನ ಅಂಗಡಿಯೇ ಬೆಳೆದಿತ್ತು. ಅದೇ ರೊಕ್ಕದಲ್ಲಿ ಒಬ್ಬರು ಪಾವು ಕಿಲೋ ಶೇಂಗಾ, ಒಬ್ಬರು ನಾಲ್ಕು ತತ್ತಿ, ಒಬ್ಬರು ಒಂದು ತಂಬಿಗೆ ಮಜ್ಜಿಗೆ, ಒಬ್ಬರು ಹಿಡಿ ನುಗ್ಗೆಯ ಸೊಪ್ಪು ತಂದರೆ ಬಡವನ ಮನೆಯಲ್ಲಿಯೂ ಮೇಲಿನ ಲೆಕ್ಕ ಕೂಡುತ್ತದೆ. ಸುಗ್ಗಿಯಲ್ಲಿ ಮುಯ್ಯಾಳು ಹೋಗುವ ಪದ್ಧತಿ ನಮಗೆ ಹೊಸದಲ್ಲ. ಬಿದ್ದವನ ಒಂದು ದಿನದ ಹರಗಾಟ, ಒಂದು ದಿನದ ನೀರು ಹಾಯಿಸುವಿಕೆ ನೆರೆಯವರು ಮಾಡಿಕೊಟ್ಟರೆ ಅವನು ಎದ್ದ ಮೇಲೆ ಮುಯ್ಯಿ ತೀರಿಸುತ್ತಾನೆ. ಆ ಭರವಸೆಯಿದ್ದರೆ ಡಾಕ್ಟರರು ಹೇಳುವ ಮೊದಲೇ ಕುಂಟುತ್ತ ಹೊಲಕ್ಕೆ ಹೋಗಿ ಕೂಡಿದ ಎಲುಬನ್ನು ಮತ್ತೆ ಮುರಿದುಕೊಳ್ಳುವ ಪ್ರಸಂಗವೂ ತಪ್ಪುತ್ತದೆ.

ನಾನು ಆ ವರ್ಷದ ಜೂನದಲ್ಲಿ ಕೋಲು ಹಿಡಿದು ಶಾಲೆಗೆ ಹೋದೆ, ದಸರೆಯ ಹೊತ್ತಿಗೆ ಕೋಲು ಬಿಟ್ಟು ಹಿಂಗಾರಿನ ಜೋಳ ಬಿತ್ತಿದೆ. ಎಲ್ಲರಿಗೂ ಹೀಗೆಯೇ ಆಗುವದೆಂದು ಹೇಳಲಾರೆ. ಪೆಟ್ಟು ಪೆಟ್ಟಿನಲ್ಲಿ ಅಂತರವಿದೆ. ಆದರೆ ನನ್ನ ಗೆಳೆಯನೂ ನಾನೂ ಬಿದ್ದ ಪೆಟ್ಟು ಹೆಚ್ಚು ಕಡಿಮೆ ಒಂದೇ ಆಗಿತ್ತು. ಅವನು ಎತ್ತು ಮಾರಿದ, ನಾನು ಬಿತ್ತಿದೆ. ನಡುವಿನ ಅಂತರವು ಬಹುಮಟ್ಟಿಗೆ ತಾಟಿನದು, ತಂಬಿಗೆಯದು ಎಂದು ನನಗೆ ತೋರುತ್ತದೆ. ಇನ್ನು ಮುಂದೆ ಯಾರದಾದರೂ ಮನೆಯಲ್ಲಿ ಕಾಲು ಮುರಿದ ಸುದ್ದಿ ಬಂದರೆ ಬಿಸ್ಕೀಟು ಕೊಳ್ಳುವ ಮೊದಲು ಒಮ್ಮೆ ನಿಮ್ಮ ಕೊಟ್ಟಿಗೆಯ ಎತ್ತಿನ ಕಡೆಗೆ ನೋಡಿರಿ. ಅದಕ್ಕೆ ನೀವು ಮಾಡುವಷ್ಟನ್ನು ಆ ಮನುಷ್ಯನಿಗೂ ಮಾಡಿರಿ.